ಎಚ್‌ಡಿಆರ್ ಹಾಕಿದರೆ ಚಿತ್ರ ಮಂಕಾಗುವುದು ಯಾಕೆ? ನಿಮ್ಮ ಪರದೆಯನ್ನು ನೀವೇ ಪರೀಕ್ಷಿಸಿ

ಹೊಸ ಟಿವಿ ಮನೆಗೆ ಬಂದ ವಾರದೊಳಗೆ ಬರುವ ಪ್ರಶ್ನೆ ಇದು: ‘ಡಬ್ಬದ ಮೇಲೆ ಎಚ್‌ಡಿಆರ್ ಅಂತ ದೊಡ್ಡದಾಗಿ ಬರೆದಿದೆ. ಆದರೆ ಎಚ್‌ಡಿಆರ್ ಸಿನಿಮಾ ಹಾಕಿದರೆ ಮೊದಲಿಗಿಂತ ಕಪ್ಪಗೆ ಕಾಣುತ್ತದೆ. ಟಿವಿ ಕೆಟ್ಟಿದೆಯಾ?’ ಮಾನಿಟರ್ ತಗೊಂಡವರ ದೂರು ಬೇರೆ: ‘ವಿಂಡೋಸ್‌ನಲ್ಲಿ ಎಚ್‌ಡಿಆರ್ ಆನ್ ಮಾಡಿದ ಕೂಡಲೇ ಡೆಸ್ಕ್‌ಟಾಪ್‌ಗೆ ಬೂದಿ ಬಳಿದ ಹಾಗಾಯಿತು.’ ಇನ್ನು ಕೆಲವರದು, ‘8 ಬಿಟ್, 10 ಬಿಟ್ ಅಂದರೆ ಏನು, ನನ್ನದು ಯಾವುದು?’

ಹೆಚ್ಚಿನ ಸಲ ಏನೂ ಕೆಟ್ಟಿರುವುದಿಲ್ಲ. ಎಚ್‌ಡಿಆರ್ ಅಂದರೆ ಹೈ ಡೈನಾಮಿಕ್ ರೇಂಜ್, ಅತಿ ಕಪ್ಪಿನಿಂದ ಅತಿ ಬೆಳಕಿನವರೆಗೆ ಹೆಚ್ಚು ಅಂತರ ತೋರಿಸುವ ಪದ್ಧತಿ. ಅದು ಒಂದು ಗುಂಡಿ ಅಲ್ಲ, ಒಂದು ಸರಪಳಿ. ಸಿನಿಮಾ ಎಚ್‌ಡಿಆರ್‌ನಲ್ಲಿ ತಯಾರಾಗಿರಬೇಕು, ಆಪ್ ಅದನ್ನು ಕಳಿಸಬೇಕು, ಸ್ಟಿಕ್ (ಆಪ್‌ಗಳನ್ನು ಓಡಿಸಲು ಟಿವಿಗೆ ಚುಚ್ಚುವ ಪುಟ್ಟ ಸಾಧನ) ಅಥವಾ ಕಂಪ್ಯೂಟರ್ ಅದನ್ನು ದಾಟಿಸಬೇಕು, ಕೇಬಲ್ ಹೊರಬೇಕು, ಟಿವಿಯ ಪೋರ್ಟ್ ಒಳಗೆ ಬಿಡಬೇಕು, ಕೊನೆಗೆ ಪ್ಯಾನಲ್‌ಗೆ, ಅಂದರೆ ಚಿತ್ರ ಮೂಡುವ ಪರದೆಗೆ, ತೋರಿಸುವ ತಾಕತ್ತಿರಬೇಕು. ನಡುವೆ ಒಂದು ಕೊಂಡಿ ತಪ್ಪಿದರೂ ನಿಮಗೆ ಸಿಗುವುದು ಹಳೆಯ ಚಿತ್ರವೇ. ಈ ಲೇಖನದಲ್ಲಿ ಒಂದೊಂದೇ ಕೊಂಡಿ ಹಿಡಿದು ನೋಡೋಣ.

ಬೇಕಾಗುವುದು ಇಷ್ಟೇ: ರಿಮೋಟ್, ಟಿವಿ ಅಥವಾ ಮಾನಿಟರ್ ಹಿಂದಿನ ಸ್ಟಿಕರ್‌ನಲ್ಲಿರುವ ಪೂರ್ತಿ ಮಾಡೆಲ್ ನಂಬರ್, ಪೋರ್ಟ್‌ಗಳ ಮೇಲಿನ ಸಣ್ಣ ಅಕ್ಷರ ಓದಲು ಮೊಬೈಲ್ ಟಾರ್ಚ್, ಮತ್ತು ಕತ್ತಲಾದ ಮೇಲೆ ಒಂದು ಗಂಟೆ ಬಿಡುವು. ಹಗಲಲ್ಲಿ ಪರೀಕ್ಷೆ ಮಾಡಬೇಡಿ. ಕಿಟಕಿಯ ಬೆಳಕಲ್ಲಿ ಒಳ್ಳೆಯ ಪರದೆಗೂ ಕೆಟ್ಟದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಂತ 1: ನಾಲ್ಕು ಪದ ತಿಳಿದುಕೊಳ್ಳಿ

ಮೊದಲನೆಯದು *ನಿಟ್*. ಇದು ಪರದೆಯ ಬೆಳಕಿನ ಅಳತೆ. ಒಂದು ಚದರ ಮೀಟರ್ ಪರದೆಯಿಂದ ಒಂದು ಮೇಣದಬತ್ತಿಯಷ್ಟು ಬೆಳಕು ಬಂದರೆ ಅದು ಸುಮಾರು ಒಂದು ನಿಟ್. ಹಳೆಯ ಪದ್ಧತಿಗೆ ಎಸ್‌ಡಿಆರ್ ಅನ್ನುತ್ತಾರೆ. ಅದರಲ್ಲಿ ಸ್ಟುಡಿಯೋದವರು ಅತಿ ಬಿಳಿಯ ಜಾಗವನ್ನು 100 ನಿಟ್ಸ್‌ಗೆ ಹೊಂದಿಸಿಕೊಂಡು ಚಿತ್ರ ತಯಾರಿಸುತ್ತಾರೆ. ದಪ್ಪ ಗಾಜಿನ ಪಿಕ್ಚರ್ ಟ್ಯೂಬ್ ಟಿವಿಗಳ ಕಾಲದ ಲೆಕ್ಕ ಅದು. ಹೊರಗಿನ ಪ್ರಪಂಚ ಹಾಗಿಲ್ಲ. ಹಣತೆಯ ಕುಡಿಯೇ ಹಲವು ಸಾವಿರ ನಿಟ್ಸ್. ಮಟಮಟ ಮಧ್ಯಾಹ್ನ ಬಿಸಿಲಿಗೆ ಹಿಡಿದ ಬಿಳಿ ಕಾಗದ ಇಪ್ಪತ್ತೈದು ಸಾವಿರ ದಾಟುತ್ತದೆ. ಎಸ್‌ಡಿಆರ್‌ನಲ್ಲಿ ಹಣತೆಯ ಕುಡಿಯನ್ನೂ ಪಕ್ಕದ ಬಿಳಿ ಪಂಚೆಯನ್ನೂ ಹೆಚ್ಚುಕಡಿಮೆ ಒಂದೇ ಬಿಳುಪಿಗೆ ತಂದು ನಿಲ್ಲಿಸಬೇಕಾಗುತ್ತದೆ, ಏಕೆಂದರೆ ಅದಕ್ಕಿಂತ ಮೇಲೆ ಜಾಗವೇ ಇಲ್ಲ. ಎಚ್‌ಡಿಆರ್ ಆ ಮೇಲಿನ ಜಾಗವನ್ನು ಕೊಡುತ್ತದೆ. ಈಗ ಬಳಕೆಯಲ್ಲಿರುವ ಲೆಕ್ಕದಲ್ಲಿ 10,000 ನಿಟ್ಸ್‌ವರೆಗೆ ಬರೆಯಬಹುದು. ಅಷ್ಟು ಬೆಳಗುವ ಟಿವಿ ನಿಮ್ಮ ಮನೆಯಲ್ಲಿ ಇರುವುದಿಲ್ಲ, ಬಿಡಿ. ಸಿನಿಮಾದವರೂ ಸಾಮಾನ್ಯವಾಗಿ 1,000 ಅಥವಾ 4,000 ನಿಟ್ಸ್ ಮಾನಿಟರ್ ಎದುರು ಕೂತು ಕೆಲಸ ಮುಗಿಸುತ್ತಾರೆ.

ಎರಡನೆಯದು *ಕಾಂಟ್ರಾಸ್ಟ್*. ಅತಿ ಬಿಳಿಗೂ ಅತಿ ಕಪ್ಪಿಗೂ ಇರುವ ಅಂತರ. ಮಾನಿಟರ್‌ಗಳಲ್ಲಿ ಜಾಸ್ತಿ ಸಿಗುವ ಐಪಿಎಸ್ ಪ್ಯಾನಲ್‌ನಲ್ಲಿ ಇದು ಸುಮಾರು 1000ಕ್ಕೆ 1. ವಿಎ ಎಂಬ ಇನ್ನೊಂದು ಬಗೆಯ ಪ್ಯಾನಲ್‌ನಲ್ಲಿ 3000ಕ್ಕೆ 1 ಅಥವಾ ಅದಕ್ಕೂ ಮೇಲೆ. ಓಎಲ್‌ಇಡಿಯಲ್ಲಿ ಒಂದೊಂದು ಚುಕ್ಕೆಯೂ ತಾನೇ ಆರಿಹೋಗಬಲ್ಲದು, ಹಾಗಾಗಿ ಕಪ್ಪು ಅಂದರೆ ನಿಜಕ್ಕೂ ಕಪ್ಪು.

ಮೂರನೆಯದು *ಬಿಟ್ ಡೆಪ್ತ್*, ಅಂದರೆ ಬಣ್ಣದ ಆಳ. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಎಷ್ಟು ಮೆಟ್ಟಿಲು ಇವೆ ಅನ್ನುವ ಲೆಕ್ಕ. 8 ಬಿಟ್ ಅಂದರೆ 256 ಮೆಟ್ಟಿಲು, 10 ಬಿಟ್ ಅಂದರೆ 1024, 12 ಬಿಟ್ ಅಂದರೆ 4096. ಮೂರೂ ಬಣ್ಣ ಬೆರೆಸಿದರೆ 8 ಬಿಟ್‌ನಲ್ಲಿ 1 ಕೋಟಿ 67 ಲಕ್ಷ ಬಣ್ಣ, 10 ಬಿಟ್‌ನಲ್ಲಿ 107 ಕೋಟಿ.

ಬಿಟ್ ಜಾಸ್ತಿ ಆದರೆ ಬಣ್ಣ ಗಾಢ ಆಗುತ್ತದೆ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಹಾಗೇನಿಲ್ಲ. ಬಿಟ್ ಹೆಚ್ಚಿದರೆ ಮೆಟ್ಟಿಲು ಸಣ್ಣದಾಗುತ್ತದೆ, ಅಷ್ಟೇ. ನೂರು ನಿಟ್ಸ್‌ನ ಅಟ್ಟ ಹತ್ತಲು 256 ಮೆಟ್ಟಿಲು ಸಾಕಿತ್ತು. ಅದೇ 256 ಮೆಟ್ಟಿಲನ್ನು ಸಾವಿರ ನಿಟ್ಸ್‌ನ ಮಹಡಿಗೆ ಹಾಕಿದರೆ ಒಂದೊಂದೂ ಮೊಣಕಾಲೆತ್ತರ ಆಗುತ್ತದೆ. ಕಣ್ಣು ಅದನ್ನು ಎಡವುತ್ತದೆ. ಸಂಜೆ ಆಕಾಶದಲ್ಲಿ ಕಿತ್ತಳೆಯಿಂದ ನೀಲಿಗೆ ನುಣ್ಣಗೆ ಇಳಿಯಬೇಕಾದ ಬಣ್ಣ ಪಟ್ಟೆ ಪಟ್ಟೆಯಾಗಿ ಕಾಣುವುದು ಇದಕ್ಕೇ. ಈ ಪಟ್ಟೆಗಳಿಗೆ *ಬ್ಯಾಂಡಿಂಗ್* ಎಂದು ಹೆಸರು. ಎಚ್‌ಡಿಆರ್‌ಗೂ 10 ಬಿಟ್‌ಗೂ ಗಂಟು ಹಾಕಿರುವ ಕಾರಣ ಇದೇ.

ನಾಲ್ಕನೆಯದು *ಗ್ಯಾಮಟ್*, ಅಂದರೆ ಬಣ್ಣದ ಹರವು. ಗಾಢತನ ಬರುವುದು ಇದರಿಂದ. ಎಚ್‌ಡಿ ಟಿವಿಯ ಹಳೆಯ ಹರವು ರೆಕ್ 709, ಇದನ್ನೇ ಬಿಟಿ 709 ಎಂದೂ ಬರೆಯುತ್ತಾರೆ. ಚಿತ್ರಮಂದಿರದ ಡಿಜಿಟಲ್ ಪ್ರೊಜೆಕ್ಟರ್‌ನದು ಡಿಸಿಐ-ಪಿ3, ಅದಕ್ಕಿಂತ ಅಗಲ. ಎಲ್ಲಕ್ಕಿಂತ ಅಗಲವಾದದ್ದು 2012ರಲ್ಲಿ ಬಂದ ಬಿಟಿ 2020. ಎಚ್‌ಡಿಆರ್ ಸಿನಿಮಾದ ಫೈಲ್‌ ಈ ಕೊನೆಯ ಪಾತ್ರೆಯಲ್ಲಿ ಬರುತ್ತದೆ, ಆದರೆ ಒಳಗೆ ತುಂಬಿರುವುದು ಸಾಮಾನ್ಯವಾಗಿ ಪಿ3ಯಷ್ಟೇ. ಹಾಗಾಗಿ ಟಿವಿ ಪಿ3ಯ ಶೇ. 90ಕ್ಕಿಂತ ಜಾಸ್ತಿ ತೋರಿಸಿದರೆ ಸಾಕು.

ಹಂತ 2: ಡಬ್ಬದ ಮಾತನ್ನೂ ಪ್ಯಾನಲ್ಲನ್ನೂ ಬೇರೆ ಮಾಡಿ

‘ಎಚ್‌ಡಿಆರ್ ಸಪೋರ್ಟ್’ ಅಂದರೆ ಎಚ್‌ಡಿಆರ್ ಸಿಗ್ನಲ್ ಬಂದರೆ ಟಿವಿ ಅದನ್ನು ಓದುತ್ತದೆ ಎಂದಷ್ಟೇ ಅರ್ಥ. ಓದಿದ್ದನ್ನು ತೋರಿಸುವ ಶಕ್ತಿ ಇದೆ ಅಂತಲ್ಲ. 250 ನಿಟ್ಸ್‌ನ ಪ್ಯಾನಲ್‌ ಇರುವ ಟಿವಿಗೂ ಈ ಮಾತನ್ನು ಧಾರಾಳವಾಗಿ ಅಂಟಿಸುತ್ತಾರೆ.

ಮಾಡೆಲ್ ನಂಬರ್ ಹಾಕಿ ಕಂಪನಿಯ ಸ್ವಂತ ಪುಟದಲ್ಲಿ ಮೂರು ವಿಷಯ ಹುಡುಕಿ. ಒಂದು, ಗರಿಷ್ಠ ಬೆಳಕು ಎಷ್ಟು ನಿಟ್ಸ್. ಎರಡು, ಲೋಕಲ್ ಡಿಮ್ಮಿಂಗ್ ಇದೆಯಾ. ಮೂರು, ಬಣ್ಣಗಳ ಸಂಖ್ಯೆ.

ಇವುಗಳಲ್ಲಿ ಲೋಕಲ್ ಡಿಮ್ಮಿಂಗ್‌ಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಎಲ್‌ಇಡಿ ಟಿವಿ ಅಂತ ನಾವು ಕರೆಯುವುದು ನಿಜಕ್ಕೂ ಎಲ್‌ಸಿಡಿ ಪರದೆ. ಅದರ ಹಿಂದೆ ಎಲ್‌ಇಡಿ ದೀಪ ಉರಿಯುತ್ತಿರುತ್ತದೆ. ಅಗ್ಗದ ಟಿವಿಯಲ್ಲಿ ಆ ದೀಪ ಪೂರ್ತಿ ಪರದೆಗೆ ಒಂದೇ ಸಮ. ರಾತ್ರಿಯ ದೃಶ್ಯದಲ್ಲಿ ಮೂಲೆಯ ಚಂದ್ರನನ್ನು ಬೆಳಗಿಸಲು ಹೋದರೆ ಇಡೀ ಆಕಾಶ ಬೂದು ಬಣ್ಣಕ್ಕೆ ತಿರುಗುತ್ತದೆ. ಲೋಕಲ್ ಡಿಮ್ಮಿಂಗ್ ಇದ್ದರೆ ಹಿಂದಿನ ದೀಪಗಳು ಗುಂಪು ಗುಂಪಾಗಿ ಬೇರೆ ಬೇರೆ ಆರುತ್ತವೆ, ಹತ್ತುತ್ತವೆ. ಆ ಗುಂಪಿಗೆ *ಜೋನ್* ಎನ್ನುತ್ತಾರೆ. ಮಿನಿ ಎಲ್‌ಇಡಿ ಟಿವಿಗಳಲ್ಲಿ ದೀಪಗಳು ತೀರಾ ಸಣ್ಣವು, ಜೋನ್‌ಗಳು ನೂರಾರು, ಕೆಲವದರಲ್ಲಿ ಸಾವಿರಾರು. ಆದರೂ ಚಂದ್ರನ ಸುತ್ತ ಮಂಜಿನಂಥ ಪ್ರಭೆ ಸ್ವಲ್ಪ ಉಳಿಯುತ್ತದೆ. ಅದಕ್ಕೆ *ಬ್ಲೂಮಿಂಗ್* ಅನ್ನುತ್ತಾರೆ. ಅದು ರಿಪೇರಿಯ ವಿಷಯ ಅಲ್ಲ, ಜೋನ್‌ಗಳ ಮಿತಿ.

ಬಣ್ಣಗಳ ಸಂಖ್ಯೆಯನ್ನು ಕಂಪನಿಗಳು ಮಿಲಿಯನ್, ಬಿಲಿಯನ್‌ನಲ್ಲಿ ಬರೆಯುತ್ತವೆ. 16.7 ಮಿಲಿಯನ್ ಅಂತಿದ್ದರೆ 8 ಬಿಟ್. 1.07 ಬಿಲಿಯನ್ ಅಂತಿದ್ದರೆ 10 ಬಿಟ್. 16.2 ಮಿಲಿಯನ್ ಅಂತ ಕಂಡರೆ ಎಚ್ಚರ, ಅದು 6 ಬಿಟ್ ಪ್ಯಾನಲ್. ಕೊರತೆಯನ್ನು ಎಫ್‌ಆರ್‌ಸಿ ಎಂಬ ಉಪಾಯದಿಂದ ತುಂಬಿದ್ದಾರೆ.

ಎಫ್‌ಆರ್‌ಸಿ ಅಂದರೆ ಇಷ್ಟು: 100 ಮತ್ತು 101 ಎಂಬ ಎರಡು ಮೆಟ್ಟಿಲಿನ ನಡುವಿನ ಬಣ್ಣ ಬೇಕು, ಪ್ಯಾನಲ್‌ನಲ್ಲಿ ಅದಿಲ್ಲ. ಆಗ ಚುಕ್ಕೆ ಒಮ್ಮೆ 100, ಒಮ್ಮೆ 101 ಎಂದು ಬೇಗ ಬೇಗ ಬದಲಾಗುತ್ತದೆ. ಕಣ್ಣು ಎರಡನ್ನೂ ಬೆರೆಸಿ ನಡುವಿನದನ್ನು ನೋಡುತ್ತದೆ. 10 ಬಿಟ್ ಎಂದು ಮಾರಾಟವಾಗುವ ಎಷ್ಟೋ ಪ್ಯಾನಲ್‌ಗಳು ನಿಜಕ್ಕೂ 8 ಬಿಟ್ ಜೊತೆ ಎಫ್‌ಆರ್‌ಸಿ. ಇದನ್ನು ಮೋಸ ಅಂತ ಕೂಗಾಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಳ್ಳೆಯ ಎಫ್‌ಆರ್‌ಸಿಗೂ ನಿಜವಾದ 10 ಬಿಟ್‌ಗೂ ಸೋಫಾದಲ್ಲಿ ಕೂತು ವ್ಯತ್ಯಾಸ ಹೇಳುವುದು ಕಷ್ಟ. ದುಡ್ಡು ಜಾಸ್ತಿ ಹಾಕುವುದಾದರೆ ಜೋನ್‌ಗಳಿಗೆ ಹಾಕಿ, ಓಎಲ್‌ಇಡಿಗೆ ಹಾಕಿ.

ಮಾನಿಟರ್ ಕೊಳ್ಳುವವರಿಗೆ ಒಂದು ಮಾತು. ವೀಸಾ ಎಂಬ ಸಂಸ್ಥೆ (ಪಾಸ್‌ಪೋರ್ಟಿನ ವೀಸಾ ಅಲ್ಲ, ಪರದೆಗಳ ಮಾನದಂಡ ಮಾಡುವ ಒಕ್ಕೂಟ) 2017ರಿಂದ ‘ಡಿಸ್‌ಪ್ಲೇಎಚ್‌ಡಿಆರ್’ ಎಂಬ ಗುರುತು ಕೊಡುತ್ತಿದೆ. ಜೊತೆಗಿರುವ 400, 600, 1000 ಅನ್ನುವುದು ಗರಿಷ್ಠ ನಿಟ್ಸ್. 400ರ ಗುರುತು ಎಷ್ಟು ಸಡಿಲವಾಗಿತ್ತೆಂದರೆ, ಲೋಕಲ್ ಡಿಮ್ಮಿಂಗ್ ಇಲ್ಲದ 8 ಬಿಟ್ ಪ್ಯಾನಲ್ ಕೂಡ ಪಾಸಾಗುತ್ತಿತ್ತು. 2024ರಲ್ಲಿ ನಿಯಮ ಬಿಗಿ ಮಾಡಿ 10 ಬಿಟ್ ಕಡ್ಡಾಯ ಮಾಡಿದರು, ಎಫ್‌ಆರ್‌ಸಿ ಸೇರಿಸಿ ಆದರೂ ಸರಿ. ಹಳೆಯ ಸ್ಟಾಕ್‌ನ 400 ಗುರುತನ್ನು ನಂಬಿ ಜಾಸ್ತಿ ಕೊಡಬೇಡಿ. ‘ಟ್ರೂ ಬ್ಲ್ಯಾಕ್ 400’ ಬೇರೆ, ಅದು ಓಎಲ್‌ಇಡಿಯಂಥ ಪರದೆಗಳಿಗೆ ಕೊಡುವ ಗುರುತು. ಸಂಖ್ಯೆ ಒಂದೇ ಆದರೂ ಚಿತ್ರಕ್ಕೆ ಆಕಾಶ ಭೂಮಿ ಅಂತರ.

ಹಂತ 3: ಬರುತ್ತಿರುವುದು ಎಚ್‌ಡಿಆರ್ ಹೌದಾ ಅಂತ ಖಚಿತ ಮಾಡಿಕೊಳ್ಳಿ

ಡಿಶ್, ಕೇಬಲ್ ಚಾನೆಲ್‌ಗಳಲ್ಲಿ ನಾವು ದಿನಾ ನೋಡುವುದು ಬಹುಪಾಲು ಎಸ್‌ಡಿಆರ್. ಅದನ್ನು ಎಂಥ ಟಿವಿಯಲ್ಲಿ ಹಾಕಿದರೂ ಎಚ್‌ಡಿಆರ್ ಆಗುವುದಿಲ್ಲ. ಕೆಲವು ಟಿವಿಗಳಲ್ಲಿ ‘ಎಚ್‌ಡಿಆರ್ ಎಫೆಕ್ಟ್’ ಎಂಬ ಮೋಡ್ ಇರುತ್ತದೆ. ಅದು ಎಸ್‌ಡಿಆರ್ ಚಿತ್ರವನ್ನೇ ಹಿಗ್ಗಿಸಿ ಎಚ್‌ಡಿಆರ್ ವೇಷ ಹಾಕಿಸುತ್ತದೆ. ಮುಖಗಳು ಕೆಂಪಾಗಿ, ಮೋಡಗಳು ಬಿಳಿ ಬಳಿದ ಹಾಗೆ ಕಾಣುತ್ತವೆ. ಆಫ್ ಇಡಿ.

ನೆಟ್‌ಫ್ಲಿಕ್ಸ್‌ನಲ್ಲಿ ಎಚ್‌ಡಿಆರ್ ಬೇಕಿದ್ದರೆ ಪ್ರೀಮಿಯಂ ಪ್ಲಾನ್ ಇರಬೇಕು, 4ಕೆಗೆ ಇಂಟರ್‌ನೆಟ್ ವೇಗ 15 ಎಂಬಿಪಿಎಸ್ ಅಥವಾ ಅದಕ್ಕಿಂತ ಮೇಲಿರಬೇಕು. ಸಿನಿಮಾದ ಹೆಸರಿನ ಕೆಳಗೆ ‘ಎಚ್‌ಡಿಆರ್’ ಅಥವಾ ‘ವಿಷನ್’ (ಡಾಲ್ಬಿ ವಿಷನ್, ಎಚ್‌ಡಿಆರ್‌ನದೇ ಒಂದು ಬಗೆ) ಎಂಬ ಗುರುತು ಬಂದಿಲ್ಲವೆಂದರೆ ಪ್ಲಾನ್, ಟಿವಿ, ಸಿನಿಮಾ ಮೂರರಲ್ಲಿ ಒಂದು ಕೈಕೊಟ್ಟಿದೆ.

ನಿಖರವಾಗಿ ನೋಡಲು ಯೂಟ್ಯೂಬ್ ಒಳ್ಳೆಯ ಸಾಧನ. ಹೀಗೆ ಮಾಡಿ:

1. ‘4ಕೆ ಎಚ್‌ಡಿಆರ್’ ಅಂತ ಹುಡುಕಿ ಯಾವುದಾದರೂ ವೀಡಿಯೋ ಹಾಕಿ. ಹೆಸರಲ್ಲಿ ಎಚ್‌ಡಿಆರ್ ಅಂತ ಸುಮ್ನೆ ಬರೆದುಕೊಂಡವರೂ ತುಂಬಾ ಜನ.
2. ಕ್ವಾಲಿಟಿ ಪಟ್ಟಿ ತೆರೆಯಿರಿ. 2160ಪಿ (4ಕೆಗೆ ಇನ್ನೊಂದು ಹೆಸರು) ಪಕ್ಕದಲ್ಲಿ ‘ಎಚ್‌ಡಿಆರ್’ ಅಂತ ಕಾಣಬೇಕು.
3. ಸೆಟ್ಟಿಂಗ್ಸ್‌ನಲ್ಲಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಒತ್ತಿ. ಕಂಪ್ಯೂಟರ್‌ನಲ್ಲಾದರೆ ವೀಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿದರೆ ಇದು ಸಿಗುತ್ತದೆ.
4. ‘ಕಲರ್’ ಎಂಬ ಸಾಲು ನೋಡಿ. ಅಲ್ಲಿ ‘ಎಸ್‌ಎಂಪಿಟಿಇ 2084’ ಮತ್ತು ‘ಬಿಟಿ 2020’ ಅಂತಿದ್ದರೆ ಎಚ್‌ಡಿಆರ್ ಬರುತ್ತಿದೆ. ‘ಬಿಟಿ 709’ ಅಂತಿದ್ದರೆ ಎಸ್‌ಡಿಆರ್.

ಅದೇ ಪಟ್ಟಿಯಲ್ಲಿ ‘ಕೋಡೆಕ್ಸ್’ ಸಾಲು ‘ವಿಪಿ09.02’ ಅಂತ ಶುರುವಾದರೆ ಅದು 10 ಬಿಟ್ ವೀಡಿಯೋ, ‘ವಿಪಿ09.00’ ಅಂತಿದ್ದರೆ 8 ಬಿಟ್. ಬಿಟ್ ಎಷ್ಟು ಅಂತ ಕಣ್ಣಾರೆ ನೋಡಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಎಚ್‌ಡಿಆರ್‌ನಲ್ಲೇ ಜಾತಿಗಳಿವೆ. ಎಚ್‌ಡಿಆರ್10 ಎಲ್ಲ ಎಚ್‌ಡಿಆರ್ ಟಿವಿಗಳಲ್ಲೂ ಓಡುತ್ತದೆ. ಇಡೀ ಸಿನಿಮಾಕ್ಕೆ ಒಂದೇ ಸೂಚನೆ. ಡಾಲ್ಬಿ ವಿಷನ್ ಮತ್ತು ಎಚ್‌ಡಿಆರ್10 ಪ್ಲಸ್‌ನಲ್ಲಿ ದೃಶ್ಯ ದೃಶ್ಯಕ್ಕೂ ಬೇರೆ ಸೂಚನೆ ಬರುತ್ತದೆ. ‘ಈ ದೃಶ್ಯ ಗುಹೆಯೊಳಗಿನದು, ಮೇಲೆ ಜಾಗ ಉಳಿಸಬೇಕಿಲ್ಲ’ ಅಂತ ಟಿವಿಗೆ ಹೇಳಿದ ಹಾಗೆ. ಕಡಿಮೆ ನಿಟ್ಸ್‌ನ ಟಿವಿಗೆ ಇದರಿಂದ ಲಾಭ ಜಾಸ್ತಿ. ಎಚ್‌ಎಲ್‌ಜಿ ಅನ್ನುವುದು ಬ್ರಿಟನ್ನಿನ ಬಿಬಿಸಿ ಮತ್ತು ಜಪಾನಿನ ಎನ್‌ಎಚ್‌ಕೆ ಸೇರಿ ನೇರ ಪ್ರಸಾರಕ್ಕೆಂದು ಮಾಡಿದ ಬಗೆ. ಸ್ಯಾಮ್‌ಸಂಗ್ ಟಿವಿಗಳಲ್ಲಿ ಡಾಲ್ಬಿ ವಿಷನ್ ಇರುವುದಿಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅದೇ ಸಿನಿಮಾ ಸಾಮಾನ್ಯವಾಗಿ ಎಚ್‌ಡಿಆರ್10 ರೂಪದಲ್ಲಿ ಬರುತ್ತದೆ.

ಹಂತ 4: ಕೇಬಲ್ ಮತ್ತು ಪೋರ್ಟ್

ಟಿವಿಯ ಒಳಗಿರುವ ಆಪ್‌ನಲ್ಲೇ ನೋಡುವವರು ಈ ಹಂತ ಬಿಟ್ಟು ಮುಂದೆ ಹೋಗಬಹುದು. ಸ್ಟಿಕ್, ಗೇಮ್ ಕನ್ಸೋಲ್, ಕಂಪ್ಯೂಟರ್ ಜೋಡಿಸಿದವರು ನಿಲ್ಲಿ. ಕೈಗೆ ಬಂದ ತುತ್ತು ಬಾಯಿಗೆ ಬರದೇ ಹೋಗುವುದು ಹೆಚ್ಚಾಗಿ ಇಲ್ಲೇ.

ಎಚ್‌ಡಿಎಂಐ 2.0 ಪೋರ್ಟ್‌ನ ಸಾಮರ್ಥ್ಯ ಸೆಕೆಂಡಿಗೆ 18 ಗಿಗಾಬಿಟ್. 4ಕೆ ಚಿತ್ರ ಸೆಕೆಂಡಿಗೆ 60 ಸಲ, 8 ಬಿಟ್ ಪೂರ್ತಿ ಬಣ್ಣದಲ್ಲಿ ಹೋದರೆ ಕಷ್ಟಪಟ್ಟು ಹಿಡಿಸುತ್ತದೆ. 10 ಬಿಟ್ ಮಾಡಿದರೆ ಹಿಡಿಸುವುದಿಲ್ಲ. ಆಗ ಸಾಧನಗಳು ಒಂದು ರಾಜಿ ಮಾಡಿಕೊಳ್ಳುತ್ತವೆ. ಬೆಳಕಿನ ವಿವರವನ್ನು ಪ್ರತಿ ಚುಕ್ಕೆಗೂ ಕಳಿಸಿ, ಬಣ್ಣದ ವಿವರವನ್ನು ಅಕ್ಕಪಕ್ಕದ ಎರಡು ಚುಕ್ಕೆಗೆ ಒಂದರಂತೆ ಕಳಿಸುತ್ತವೆ. ಸೆಟ್ಟಿಂಗ್ಸ್‌ನಲ್ಲಿ 4:2:2 ಅಂತ ಕಾಣುವುದು ಇದೇ. ಸಿನಿಮಾ ನೋಡುವಾಗ ಇದು ಗೊತ್ತೇ ಆಗುವುದಿಲ್ಲ. ಕಂಪ್ಯೂಟರ್‌ನ ಸಣ್ಣ ಕೆಂಪು ಅಕ್ಷರಗಳ ಅಂಚು ಮಾತ್ರ ಕಲಸಿಹೋದ ಹಾಗೆ ಕಾಣುತ್ತದೆ. ಸಿನಿಮಾಗಳು ಹೆಚ್ಚಾಗಿ ಸೆಕೆಂಡಿಗೆ 24 ಚಿತ್ರ. ಸಾಧನ ಅದೇ ವೇಗದಲ್ಲಿ ಕಳಿಸಿದರೆ ಈ ತಾಪತ್ರಯವೇ ಇಲ್ಲ. ಪೇಚು ಇರುವುದು ಗೇಮ್ ಆಡುವವರಿಗೆ. ಅವರಿಗೆ 48 ಗಿಗಾಬಿಟ್‌ವರೆಗೆ ಹೊರುವ ಎಚ್‌ಡಿಎಂಐ 2.1 ಬೇಕು. ಮಾನಿಟರ್ ಆದರೆ ಡಿಸ್‌ಪ್ಲೇಪೋರ್ಟ್ 1.4 ಎಂಬ ಇನ್ನೊಂದು ಬಗೆಯ ಪೋರ್ಟ್ ಕೂಡ 4ಕೆ, 60, 10 ಬಿಟ್ ಅನ್ನು ಆರಾಮಾಗಿ ಹೊರುತ್ತದೆ.

ಕೇಬಲ್ ಕೊಳ್ಳುವಾಗ ‘2.1 ಕೇಬಲ್’ ಎಂಬ ಬರಹಕ್ಕಿಂತ ‘ಅಲ್ಟ್ರಾ ಹೈ ಸ್ಪೀಡ್’ ಎಂಬ ಹೆಸರು ಮತ್ತು ಸ್ಕ್ಯಾನ್ ಮಾಡಬಹುದಾದ ಲೇಬಲ್ ಹುಡುಕಿ. 18 ಗಿಗಾಬಿಟ್ ಸಾಕು ಅನ್ನುವವರಿಗೆ ‘ಪ್ರೀಮಿಯಂ ಹೈ ಸ್ಪೀಡ್’. ಚಿನ್ನದ ಲೇಪ, ಬಟ್ಟೆಯ ಹೆಣಿಗೆ ಇವೆಲ್ಲ ನೋಡಲು ಚಂದ, ಅಷ್ಟೇ. ನಾನೇ ಗೋಡೆಯೊಳಗಿನ ಹಳೆಯ ಕೇಬಲ್ ಬಿಟ್ಟು ಉಳಿದದ್ದನ್ನೆಲ್ಲ ಮೂರು ತಿಂಗಳು ಅನುಮಾನಿಸಿದ್ದೇನೆ. ಆಗಾಗ ಪರದೆ ಒಂದು ಕ್ಷಣ ಕಪ್ಪಾಗಿ ವಾಪಸ್ ಬಂದರೆ, ಬಿಳಿ ಚುಕ್ಕೆಗಳು ಮಿನುಗಿದರೆ ಮೊದಲು ಕೇಬಲ್ ಬದಲಿಸಿ ನೋಡಿ.

ಪೋರ್ಟ್ ವಿಷಯ ಇನ್ನೂ ಮುಖ್ಯ. ಎಷ್ಟೋ ಟಿವಿಗಳಲ್ಲಿ ಪೋರ್ಟ್ ಬಾಗಿಲು ಅರ್ಧ ಮುಚ್ಚಿಟ್ಟೇ ಬರುತ್ತದೆ, ಹಳೆಯ ಸಾಧನಗಳಿಗೆ ತೊಂದರೆ ಆಗಬಾರದು ಅಂತ. ಅದನ್ನು ನೀವೇ ತೆರೆಯಬೇಕು. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು ‘ಇನ್‌ಪುಟ್ ಸಿಗ್ನಲ್ ಪ್ಲಸ್’. ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಡೀಪ್ ಕಲರ್’. ಸೋನಿಯಲ್ಲಿ ‘ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್’ ಒಳಗೆ ‘ಎನ್‌ಹಾನ್ಸ್ಡ್’. ಒಂದೊಂದು ಪೋರ್ಟ್‌ಗೂ ಬೇರೆ ಬೇರೆ ಆನ್ ಮಾಡಬೇಕು. ಒಂದಕ್ಕೆ ಮಾಡಿ, ಇನ್ನೊಂದಕ್ಕೆ ಕೇಬಲ್ ಚುಚ್ಚಿ, ಟಿವಿ ಸರಿ ಇಲ್ಲ ಅನ್ನುವವರು ಕಡಿಮೆ ಇಲ್ಲ.

ಹಂತ 5: ಮಂಕು ಚಿತ್ರದ ಗುಟ್ಟು

ಈಗ ಮೊದಲ ಪ್ರಶ್ನೆಗೆ ಬರೋಣ. ಎಲ್ಲ ಸರಿ ಇದ್ದೂ ಎಚ್‌ಡಿಆರ್ ಯಾಕೆ ಕಪ್ಪಗೆ ಕಾಣುತ್ತದೆ?

ಅಡುಗೆ ಪುಸ್ತಕದಲ್ಲಿ ‘ಉಪ್ಪು ರುಚಿಗೆ ತಕ್ಕಷ್ಟು’ ಅಂತ ಬರೆದಿರುತ್ತದೆ, ಅಲ್ವಾ? ಎಸ್‌ಡಿಆರ್ ಹಾಗೆ. ಫೈಲ್‌ನಲ್ಲಿ ಇರುವುದು ‘ಈ ಜಾಗ ನಿನ್ನ ಗರಿಷ್ಠದ ಇಷ್ಟು ಭಾಗ’ ಎಂಬ ಮಾತು. ಟಿವಿಯ ಗರಿಷ್ಠ 100 ನಿಟ್ಸ್ ಇರಲಿ, 400 ಇರಲಿ, ಚಿತ್ರ ಅದಕ್ಕೆ ತಕ್ಕಂತೆ ಹಿಗ್ಗುತ್ತದೆ. ನಾವು ವರ್ಷಗಟ್ಟಲೆ ‘ವಿವಿಡ್’ ಮೋಡ್‌ನಲ್ಲಿ, ಸ್ಟುಡಿಯೋದವರು ಅಂದುಕೊಂಡದ್ದಕ್ಕಿಂತ ಮೂರು ನಾಲ್ಕು ಪಟ್ಟು ಬೆಳಕಲ್ಲಿ ಧಾರಾವಾಹಿ ನೋಡಿದ್ದೇವೆ. ಕಣ್ಣು ಅದಕ್ಕೆ ಒಗ್ಗಿಹೋಗಿದೆ.

ಎಚ್‌ಡಿಆರ್10, ಡಾಲ್ಬಿ ವಿಷನ್ ಹಾಗಲ್ಲ. ಅಲ್ಲಿ ‘ಉಪ್ಪು ಐದು ಗ್ರಾಂ’ ಅಂತ ಬರೆದಿದೆ. ‘ಈ ಮುಖ ಇಷ್ಟು ನಿಟ್ಸ್, ಆ ಬಲ್ಬು 900 ನಿಟ್ಸ್’ ಅಂತ ನೇರ ಲೆಕ್ಕ. ಈ ಪದ್ಧತಿಯ ಹೆಸರು ಪಿಕ್ಯೂ, 2014ರಲ್ಲಿ ಮಾನದಂಡವಾಗಿ ಬಂತು. ಹಂತ 3ರಲ್ಲಿ ಕಂಡ 2084 ಎಂಬ ಸಂಖ್ಯೆ ಇದರದೇ. ಕತ್ತಲ ಕೋಣೆಯಲ್ಲಿ ಕೂತು ಲೆಕ್ಕ ಹಾಕಿದ ಚಿತ್ರ ಇದು. ಮುಖ, ಗೋಡೆ, ಬಟ್ಟೆ ಎಲ್ಲ ಹಳೆಯ ಎಸ್‌ಡಿಆರ್‌ನಲ್ಲಿ ಸ್ಟುಡಿಯೋದವರು ಇಡುತ್ತಿದ್ದ ಆಸುಪಾಸಿನ ಬೆಳಕಿನಲ್ಲೇ ಇರುತ್ತವೆ. ಮೇಲಿನ ಜಾಗ ಬೆಂಕಿಗೆ, ದೀಪಕ್ಕೆ, ನೀರಿನ ಮೇಲಿನ ಹೊಳಪಿಗೆ ಮೀಸಲು. ಟ್ಯೂಬ್‌ಲೈಟ್ ಹಾಕಿಕೊಂಡು ಕೂತವರಿಗೆ ಒಟ್ಟು ಚಿತ್ರ ಮಂಕಾಗಿ ಕಾಣದೆ ಇನ್ನೇನಾಗುತ್ತದೆ?

ಇದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ಸಿನಿಮಾ 1,000 ನಿಟ್ಸ್ ಕೇಳುತ್ತದೆ, ನಿಮ್ಮ ಟಿವಿ ಕೊಡುವುದು 300. ಉಳಿದ 700ನ್ನು ಹೇಗೋ ಮಡಚಿ ಒಳಗೆ ತುರುಕಬೇಕು. ಈ ಮಡಚುವಿಕೆಗೆ *ಟೋನ್ ಮ್ಯಾಪಿಂಗ್* ಅನ್ನುತ್ತಾರೆ. ಬೆಂಕಿಯ ವಿವರ ಉಳಿಸಲು ಹೋದರೆ ಮುಖಗಳು ಕಪ್ಪಾಗುತ್ತವೆ. ಮುಖ ಬೆಳಗಿಸಿದರೆ ಬೆಂಕಿ ಬಿಳಿ ಮುದ್ದೆಯಾಗುತ್ತದೆ. ಅಗ್ಗದ ಟಿವಿಗೆ ಎರಡೂ ಸಾಧ್ಯವಿಲ್ಲ.

ಏನು ಮಾಡಬೇಕು ಅಂದರೆ:

1. ಎಚ್‌ಡಿಆರ್ ಸಿನಿಮಾ ಓಡುತ್ತಿರುವಾಗಲೇ ಪಿಕ್ಚರ್ ಸೆಟ್ಟಿಂಗ್ಸ್‌ಗೆ ಹೋಗಿ. ಎಸ್‌ಡಿಆರ್‌ಗೂ ಎಚ್‌ಡಿಆರ್‌ಗೂ ಟಿವಿ ಬೇರೆ ಬೇರೆ ಸೆಟ್ಟಿಂಗ್ ನೆನಪಿಟ್ಟುಕೊಳ್ಳುತ್ತದೆ. ಸುದ್ದಿ ಚಾನೆಲ್ ಹಾಕಿಕೊಂಡು ತಿರುಗಿಸಿದ್ದು ಇಲ್ಲಿಗೆ ಬರುವುದಿಲ್ಲ. ಬಹಳ ಜನ ಎಡವುವುದು ಇದರಲ್ಲೇ.
2. ಪವರ್ ಸೇವಿಂಗ್, ಎಕೋ ಮೋಡ್ ಆಫ್ ಮಾಡಿ. ಕರೆಂಟ್ ಬಿಲ್ ಮಾತು ನಿಜ, ಆದರೆ ಈ ಮೋಡ್ ಹಾಕಿಟ್ಟು ಎಚ್‌ಡಿಆರ್ ನಿರೀಕ್ಷಿಸಬೇಡಿ.
3. ಬ್ಯಾಕ್‌ಲೈಟ್ ಗರಿಷ್ಠಕ್ಕೆ ಇಡಿ. ಓಎಲ್‌ಇಡಿಯಲ್ಲಿ ಇದಕ್ಕೆ ‘ಓಎಲ್‌ಇಡಿ ಲೈಟ್’ ಅಥವಾ ‘ಪಿಕ್ಸೆಲ್ ಬ್ರೈಟ್‌ನೆಸ್’ ಎಂಬ ಹೆಸರಿರಬಹುದು. ‘ಬ್ರೈಟ್‌ನೆಸ್’ ಎಂಬ ಹೆಸರಿನದು ಕೆಲವು ಟಿವಿಗಳಲ್ಲಿ ಕಪ್ಪಿನ ಮಟ್ಟವನ್ನು ತಿರುಗಿಸುತ್ತದೆ. ಅದನ್ನು ಎತ್ತಿದರೆ ಕಪ್ಪು ಬೂದಾಗುತ್ತದೆ. ಹೆಸರಿಗೆ ಮೋಸ ಹೋಗಬೇಡಿ.
4. ಲೋಕಲ್ ಡಿಮ್ಮಿಂಗ್ ಇದ್ದರೆ ‘ಹೈ’ಗೆ ಇಡಿ.
5. ಮೋಡ್ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’. ಡಾಲ್ಬಿ ವಿಷನ್‌ನಲ್ಲಿ ‘ಡಾರ್ಕ್’, ‘ಬ್ರೈಟ್’ ಅಂತ ಎರಡು ಇದ್ದರೆ ದೀಪ ಹಾಕಿ ನೋಡುವಾಗ ‘ಬ್ರೈಟ್’.
6. ಇಷ್ಟಾದರೂ ಮುಖಗಳು ಕಪ್ಪಿದ್ದರೆ ‘ಡೈನಾಮಿಕ್ ಟೋನ್ ಮ್ಯಾಪಿಂಗ್’ ಅಂತೇನಾದರೂ ಇದೆಯಾ ನೋಡಿ, ಆನ್ ಮಾಡಿ. ಕೊನೆಯ ಅಸ್ತ್ರವಾಗಿ ಗಾಮಾವನ್ನು (ಕಪ್ಪಿಗೂ ಬಿಳಿಗೂ ನಡುವಿನ ಭಾಗ ಎಷ್ಟು ಬೆಳಗಬೇಕು ಎನ್ನುವ ಸೆಟ್ಟಿಂಗ್) ಮುಖ ಬೆಳಗುವ ಕಡೆಗೆ ಒಂದೇ ಒಂದು ಹಂತ ತಿರುಗಿಸಿ.

ಆಮೇಲೆ ಟ್ಯೂಬ್‌ಲೈಟ್ ಆರಿಸಿ, ಟಿವಿಯ ಹಿಂದೆ ಒಂದು ಮಂದ ದೀಪ ಇಟ್ಟು ಹತ್ತು ನಿಮಿಷ ನೋಡಿ. ಕಣ್ಣು ಹೊಂದಿಕೊಳ್ಳಲಿ.

ಆಗಲೂ ಹಿಡಿಸದಿದ್ದರೆ? ನಿಮ್ಮ ಪ್ಯಾನಲ್ 300 ನಿಟ್ಸ್‌ನದು, ಲೋಕಲ್ ಡಿಮ್ಮಿಂಗ್ ಇಲ್ಲದ್ದು ಎಂದಾದರೆ, ಸಾಧ್ಯವಿದ್ದ ಕಡೆ ಎಚ್‌ಡಿಆರ್ ಆಫ್ ಮಾಡಿ ನೋಡಿ. ಇದರಲ್ಲಿ ನಾಚಿಕೆ ಏನಿಲ್ಲ. ಅಂಥ ಪರದೆಯಲ್ಲಿ ಒಳ್ಳೆಯ ಎಸ್‌ಡಿಆರ್ ಚಿತ್ರವೇ ಹೆಚ್ಚು ಚೆನ್ನಾಗಿ ಕಾಣುತ್ತದೆ.

ಹಂತ 6: ಕಂಪ್ಯೂಟರ್‌ನಲ್ಲಿ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಎಚ್‌ಡಿಆರ್ ಎಂಬ ದಾರಿಯಲ್ಲಿ ಹೋಗಿ ‘ಯೂಸ್ ಎಚ್‌ಡಿಆರ್’ ಆನ್ ಮಾಡಿ. ಡೆಸ್ಕ್‌ಟಾಪ್ ಮಂಕಾಯಿತಾ? ಅದೇ ಪುಟದಲ್ಲಿ ‘ಎಸ್‌ಡಿಆರ್ ಕಂಟೆಂಟ್ ಬ್ರೈಟ್‌ನೆಸ್’ ಎಂಬ ಜಾರುಗುಂಡಿ ಇದೆ, ಅದನ್ನು ಬಲಕ್ಕೆ ಎಳೆಯಿರಿ. ವರ್ಡ್, ಬ್ರೌಸರ್ ಎಲ್ಲ ಎಸ್‌ಡಿಆರ್. ಎಚ್‌ಡಿಆರ್ ಮಹಡಿಯಲ್ಲಿ ಅವು ಎಷ್ಟನೇ ಮೆಟ್ಟಿಲಲ್ಲಿ ನಿಲ್ಲಬೇಕು ಅಂತ ಹೇಳುವ ಗುಂಡಿ ಅದು. ಆಮೇಲೆ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ‘ವಿಂಡೋಸ್ ಎಚ್‌ಡಿಆರ್ ಕ್ಯಾಲಿಬ್ರೇಶನ್’ ಎಂಬ ಉಚಿತ ಆಪ್ ಹಾಕಿಕೊಂಡು ಅದು ಕೇಳಿದಂತೆ ಮಾಡಿ. ಐದು ನಿಮಿಷದ ಕೆಲಸ.

ನಿಮ್ಮದು ಎಷ್ಟು ಬಿಟ್ ಎಂದು ಇಲ್ಲೇ ಗೊತ್ತಾಗುತ್ತದೆ. ಡಿಸ್‌ಪ್ಲೇ ಒಳಗೆ ‘ಅಡ್ವಾನ್ಸ್ಡ್ ಡಿಸ್‌ಪ್ಲೇ’ ತೆರೆಯಿರಿ. ‘ಬಿಟ್ ಡೆಪ್ತ್’ ಎದುರು ‘10 ಬಿಟ್’ ಅಂತಿರಬಹುದು, ‘8 ಬಿಟ್’ ಅಥವಾ ‘8 ಬಿಟ್ ವಿತ್ ಡಿದರಿಂಗ್’ ಅಂತಿರಬಹುದು. ಇದು ಪ್ಯಾನಲ್‌ನ ಲೆಕ್ಕ ಅಲ್ಲ, ಕೇಬಲ್‌ನಲ್ಲಿ ಹೋಗುತ್ತಿರುವ ಸಿಗ್ನಲ್‌ನ ಲೆಕ್ಕ ಎಂಬುದು ನೆನಪಿರಲಿ. ಡಿದರಿಂಗ್ ಅಂದರೆ ಎಫ್‌ಆರ್‌ಸಿಯ ಸೋದರ, ಅದೇ ಕೆಲಸವನ್ನು ಗ್ರಾಫಿಕ್ಸ್ ಕಾರ್ಡ್ ಮಾಡುವುದು. 10 ಬಿಟ್ ಮಾನಿಟರ್ ಇದ್ದೂ 8 ತೋರಿಸಿದರೆ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಅನ್ನುವ ಲೆಕ್ಕ) ಒಂದು ಹಂತ ಇಳಿಸಿ ನೋಡಿ. ಕೇಬಲ್‌ನಲ್ಲಿ ಜಾಗ ಬಿಡುವಾಗಿ 10 ಬಿಟ್ ಬರಬಹುದು. ಎನ್‌ವಿಡಿಯಾ ಕಾರ್ಡ್ ಇದ್ದವರು ಕಂಟ್ರೋಲ್ ಪ್ಯಾನಲ್‌ನಲ್ಲಿ ‘ಔಟ್‌ಪುಟ್ ಕಲರ್ ಡೆಪ್ತ್’ ನೋಡಿ, ‘10 ಬಿಪಿಸಿ’ ಆಯ್ಕೆ ಮಾಡಿ. ಬಿಪಿಸಿ ಅಂದರೆ ಒಂದೊಂದು ಬಣ್ಣಕ್ಕೆ ಎಷ್ಟು ಬಿಟ್ ಎಂದು.

ಕಂಪ್ಯೂಟರನ್ನು ಟಿವಿಗೆ ಜೋಡಿಸಿದವರಿಗೆ ಇನ್ನೊಂದು ಗುಂಡಿ ಇದೆ. ವೀಡಿಯೋ ಲೋಕದಲ್ಲಿ 8 ಬಿಟ್ ಕಪ್ಪು 16ರಿಂದ ಶುರು, ಬಿಳಿ 235ಕ್ಕೆ ಮುಗಿಯುತ್ತದೆ. ಕಂಪ್ಯೂಟರ್ ಲೋಕದಲ್ಲಿ 0ಯಿಂದ 255. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಾಗದಿದ್ದರೆ ಕಪ್ಪು ಬೂದಾಗುತ್ತದೆ, ಇಲ್ಲವೇ ಕತ್ತಲಿನ ವಿವರವೆಲ್ಲ ಮುಳುಗಿಹೋಗುತ್ತದೆ. ಟಿವಿಯಲ್ಲಿ ‘ಬ್ಲ್ಯಾಕ್ ಲೆವೆಲ್’, ಕಂಪ್ಯೂಟರ್‌ನಲ್ಲಿ ‘ಡೈನಾಮಿಕ್ ರೇಂಜ್’ ಎರಡನ್ನೂ ಒಂದೇ ಬಗೆಗೆ ಹೊಂದಿಸಿ.

ನನ್ನ ಅಭ್ಯಾಸ ಹೇಳುವುದಾದರೆ, ಕೆಲಸ ಮಾಡುವಾಗ ಎಚ್‌ಡಿಆರ್ ಆಫ್, ಸಿನಿಮಾಕ್ಕೂ ಗೇಮ್‌ಗೂ ಆನ್. ವಿಂಡೋಸ್ ಕೀ, ಆಲ್ಟ್, ಬಿ ಮೂರನ್ನೂ ಒಟ್ಟಿಗೆ ಒತ್ತಿದರೆ ಆನ್ ಆಫ್ ಆಗುತ್ತದೆ. ಎಚ್‌ಡಿಆರ್ ಆನ್ ಇದ್ದಾಗ ತೆಗೆದ ಸ್ಕ್ರೀನ್‌ಶಾಟ್ ಬಿಳಿಚಿಕೊಂಡು ಬಂದರೆ ಗಾಬರಿ ಬೇಡ. ಆಫ್ ಮಾಡಿ ಮತ್ತೆ ತೆಗೆಯಿರಿ.

ಹಂತ 7: ಪಟ್ಟೆ ಪರೀಕ್ಷೆ

ಎಡಗಡೆ ಪೂರ್ತಿ ಕಪ್ಪು, ಬಲಗಡೆ ಪೂರ್ತಿ ಬಿಳಿ, ನಡುವೆ ನುಣ್ಣಗೆ ಏರುವ ಒಂದು ಚಿತ್ರ ಬೇಕು. ‘ಗ್ರೇಡಿಯಂಟ್ ಟೆಸ್ಟ್ 10 ಬಿಟ್’ ಅಂತ ಹುಡುಕಿದರೆ ವೀಡಿಯೋಗಳು ಸಿಗುತ್ತವೆ. 4ಕೆ ಪರದೆಯ ಅಗಲ 3840 ಚುಕ್ಕೆ. 8 ಬಿಟ್‌ನಲ್ಲಿ 256 ಮೆಟ್ಟಿಲು ಹಾಸಿದರೆ ಒಂದೊಂದು ಪಟ್ಟೆ 15 ಚುಕ್ಕೆ ಅಗಲ. 10 ಬಿಟ್‌ನಲ್ಲಿ ನಾಲ್ಕು ಚುಕ್ಕೆಗಿಂತ ಕಡಿಮೆ. ದೀಪ ಆರಿಸಿ, ಪರದೆಯ ಹತ್ತಿರ ಹೋಗಿ, ಕಪ್ಪಿನ ಕಡೆಯ ಮೂಲೆ ನೋಡಿ. ಕಡ್ಡಿ ಕಡ್ಡಿಯಾಗಿ ಗೆರೆ ಕಂಡರೆ ದಾರಿಯಲ್ಲೆಲ್ಲೋ 8 ಬಿಟ್ ಆಗಿದೆ.

ಆದರೆ ಪರೀಕ್ಷೆಗೆ 8 ಬಿಟ್‌ನ ಜೆಪೆಗ್ ಚಿತ್ರ ತೆಗೆದುಕೊಂಡು 10 ಬಿಟ್ ಪರದೆಯನ್ನು ಬೈಯಬೇಡಿ. ಫೈಲ್‌ನಲ್ಲೇ 256 ಮೆಟ್ಟಿಲಿದ್ದರೆ ಪರದೆ ಹೊಸದಾಗಿ ಕಟ್ಟುವುದಿಲ್ಲ. ಇಂಟರ್‌ನೆಟ್ ನಿಧಾನವಿದ್ದಾಗ ಕತ್ತಲಿನ ದೃಶ್ಯದಲ್ಲಿ ಕಾಣುವ ಚೌಕ ಚೌಕ ಕಲೆಗಳು ಕೂಡ ಬಿಟ್‌ನದಲ್ಲ. ವೀಡಿಯೋವನ್ನು ಹಿಂಡಿ ಸಣ್ಣದು ಮಾಡಿದ್ದರ ಗುರುತು ಅವು. ಬ್ಯಾಂಡಿಂಗ್‌ನ ಪಟ್ಟೆ ಗೆರೆಯಂತೆ ಬಾಗಿ ಹರಿಯುತ್ತದೆ, ಹಿಂಡಿದ ಕಲೆ ಚೌಕವಾಗಿ ಅಲುಗಾಡುತ್ತದೆ.

ಫೋನಿನ ಗೊಂದಲ ಒಂದಿಷ್ಟು

ಕ್ಯಾಮೆರಾದಲ್ಲಿರುವ ಎಚ್‌ಡಿಆರ್ ಬೇರೆ, ಪರದೆಯ ಎಚ್‌ಡಿಆರ್ ಬೇರೆ. ಕ್ಯಾಮೆರಾ ಒಂದೇ ನೋಟವನ್ನು ಕಪ್ಪಗೆ, ಬೆಳ್ಳಗೆ ಹಲವು ಸಲ ತೆಗೆದು ಹೊಲಿದು ಒಂದು ಮಾಡುತ್ತದೆ. ಫಲಿತಾಂಶ ಸಾಮಾನ್ಯ 8 ಬಿಟ್ ಫೋಟೋ ಇರಬಹುದು. 2023ರ ಆಂಡ್ರಾಯ್ಡ್ 14ರಿಂದ ‘ಅಲ್ಟ್ರಾ ಎಚ್‌ಡಿಆರ್’ ಫೋಟೋ ಬಂದಿದೆ. ಮಾಮೂಲಿ ಜೆಪೆಗ್ ಒಳಗೇ ‘ಎಲ್ಲೆಲ್ಲಿ ಎಷ್ಟು ಬೆಳಗಬೇಕು’ ಎಂಬ ಇನ್ನೊಂದು ಪದರ ಅಡಗಿರುತ್ತದೆ. ನಿಮ್ಮ ಫೋನಿನಲ್ಲಿ ಝಗಮಗಿಸಿದ ಫೋಟೋ ಅತ್ತೆಯವರ ಹಳೆಯ ಫೋನಿನಲ್ಲಿ ಸಪ್ಪೆಯಾಗಿ ಕಂಡರೆ ಕಾರಣ ಅದು. ಐಫೋನ್ 12ರಿಂದ ವೀಡಿಯೋ ಕೂಡ ಡಾಲ್ಬಿ ವಿಷನ್‌ನಲ್ಲಿ ರೆಕಾರ್ಡ್ ಆಗುತ್ತದೆ. ಮದುವೆ ವೀಡಿಯೋ ಎಡಿಟಿಂಗ್‌ಗೆ ಕೊಡುವವರು ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ‘ಎಚ್‌ಡಿಆರ್ ವೀಡಿಯೋ’ ಆಫ್ ಮಾಡಿ ತೆಗೆದರೆ ಎಡಿಟರ್‌ಗೂ ನೆಮ್ಮದಿ.

ಇನ್ನೊಂದು ಚಿಕ್ಕ ವಿಷಯ, ಎಚ್‌ಡಿಆರ್ ಸರಿಯಾದ ಮೇಲಷ್ಟೇ ಎದುರಾಗುವಂಥದ್ದು. ರಾತ್ರಿ ಹೊತ್ತು ಕತ್ತಲ ದೃಶ್ಯದ ಕೆಳಗೆ ಬಿಳಿ ಸಬ್‌ಟೈಟಲ್ ಕಣ್ಣು ಚುಚ್ಚತೊಡಗುತ್ತದೆ. ಪಕ್ಕದ ಕಪ್ಪು ಅಷ್ಟು ಕಪ್ಪಾಗಿರುತ್ತದಲ್ಲ! ನೆಟ್‌ಫ್ಲಿಕ್ಸ್‌ನಲ್ಲಾದರೆ ಅಕೌಂಟ್ ಒಳಗೆ ‘ಸಬ್‌ಟೈಟಲ್ ಅಪಿಯರೆನ್ಸ್’ ಇದೆ. ಅಕ್ಷರದ ಬಣ್ಣ ಬದಲಿಸಿ, ಸಾಧ್ಯವಿದ್ದರೆ ಪಾರದರ್ಶಕ ಮಾಡಿ. ಟಿವಿಯ ಬೆಳಕು ಇಳಿಸಬೇಡಿ, ಅಷ್ಟು ಕಷ್ಟಪಟ್ಟು ಏರಿಸಿದ್ದೀರಿ.